ಮಾಂಗಲ್ಯ ಧಾರಣೆ ಹೊತ್ತಿಗೆ ಕಪ್ಪಾದ ಎಲ್‌ಇಡಿ ಗೋಡೆ: ದಾವಣಗೆರೆಯ ಒಂದು ಕಲ್ಯಾಣ ಮಂಟಪದ ಪ್ರಕರಣ ಅಧ್ಯಯನ

ದಾವಣಗೆರೆಯ ಹೊರವಲಯದ ಒಂದು ಕಲ್ಯಾಣ ಮಂಟಪ. ಮೊದಲ ಮಹಡಿಯಲ್ಲಿ ಮುಖ್ಯ ಸಭಾಂಗಣ, ಕೆಳಗೆ ಊಟದ ಹಾಲ್. ವೇದಿಕೆಯ ಹಿಂದೆ ಎಲ್‌ಇಡಿ ಗೋಡೆ, ಸಭಾಂಗಣದ ಎರಡೂ ಬದಿಗೆ ಒಂದೊಂದು ದೊಡ್ಡ ಟಿವಿ, ಊಟದ ಹಾಲ್‌ನಲ್ಲಿ ಮೂರು, ಪಡಸಾಲೆಯಲ್ಲಿ ಒಂದು. ಇವಲ್ಲದೆ ಯೂಟ್ಯೂಬ್ ಲೈವ್‌ಗೆ ಒಂದು ಎನ್‌ಕೋಡರ್, ಅಂದರೆ ಚಿತ್ರವನ್ನು ಇಂಟರ್ನೆಟ್‌ಗೆ ತಕ್ಕಂತೆ ಮಾಡಿ ಕಳಿಸುವ ಪೆಟ್ಟಿಗೆ. ಅಂದರೆ ಚಿತ್ರ ಹೋಗಬೇಕಾದ ಜಾಗ ಎಂಟು. ಚಿತ್ರ ಬರುವುದು ಐದು ಕಡೆಯಿಂದ: ಮದುವೆ ವಿಡಿಯೊದವರ ಮಿಕ್ಸರ್, ಮಂಟಪದ್ದೇ ಆದ ಒಂದು ಕ್ಯಾಮೆರಾ, ವೇದಿಕೆ ಪಕ್ಕದ ಲ್ಯಾಪ್‌ಟಾಪ್, ಕಂಟ್ರೋಲ್ ರೂಮಿನ ಲ್ಯಾಪ್‌ಟಾಪ್, ಒಂದು ಸೆಟ್‌ಟಾಪ್ ಬಾಕ್ಸ್. ಲಗ್ನಗಳಿಲ್ಲದ ತಿಂಗಳುಗಳಲ್ಲಿ ಇದೇ ಹಾಲ್‌ನಲ್ಲಿ ಸಹಕಾರ ಸಂಘಗಳ ವಾರ್ಷಿಕ ಸಭೆ, ಶಾಲಾ ವಾರ್ಷಿಕೋತ್ಸವ ನಡೆಯುತ್ತವೆ. ಎರಡು ಮೆಡಿಕಲ್ ಕಾಲೇಜುಗಳಿರುವ ಊರಾದ್ದರಿಂದ ವೈದ್ಯರ ಸಮ್ಮೇಳನಗಳೂ ಬರುತ್ತವೆ.

ಪ್ರಕರಣ ಶುರುವಾದದ್ದು ಒಂದು ಮದುವೆಯಲ್ಲಿ. ಮಾಂಗಲ್ಯ ಧಾರಣೆಗೆ ವಾಲಗ ಜೋರಾಗುತ್ತಿದ್ದಂತೆ ಗೋಡೆ ಕಪ್ಪಾಯಿತು. ಸ್ವಲ್ಪ ಹೊತ್ತಿನ ಮೇಲೆ ಚಿತ್ರ ಮರಳಿತಾದರೂ ಮೊದಲಿನ ಚುರುಕು ಇರಲಿಲ್ಲ, ಅಕ್ಷರಗಳ ಅಂಚು ಮಸುಕಾಗಿತ್ತು. ವಿದೇಶದಿಂದ ಲೈವ್ ನೋಡುತ್ತಿದ್ದ ನೆಂಟರಿಗೆ ತಾಳಿ ಕಟ್ಟುವುದು ಕಾಣಲೇ ಇಲ್ಲ. ಆ ಕ್ಷಣವನ್ನು ಇನ್ನೊಮ್ಮೆ ನಡೆಸಲು ಆಗುವುದಿಲ್ಲ. ಹೆಣ್ಣಿನ ಮನೆಯವರು ಸಿಟ್ಟಾದದ್ದರಲ್ಲಿ ತಪ್ಪೇನೂ ಇರಲಿಲ್ಲ.

ನನ್ನನ್ನು ಕರೆಸುವ ಹೊತ್ತಿಗೆ ಯಜಮಾನರು ಹೊಸ ಎಲ್‌ಇಡಿ ಕಂಟ್ರೋಲರ್‌ಗೆ (ಬಂದ ಚಿತ್ರವನ್ನು ಗೋಡೆಗೆ ಹಂಚುವ ಪೆಟ್ಟಿಗೆ) ಕೊಟೇಶನ್ ತರಿಸಿಯಾಗಿತ್ತು. "ಗೋಡೆನೇ ಹೋಗೈತಿ ಸರ್, 4ಕೆ ಹಾಕ್ಸಿಬಿಡ್ರಿ ಅಂತಾರೆ ಎಲ್ಲಾರೂ. ನೀವೊಂದ್ಸಲ ನೋಡಿ ಹೇಳ್ರಿ" ಅಂದರು ಮ್ಯಾನೇಜರ್. ಗೋಡೆ ಚೆನ್ನಾಗಿಯೇ ಇತ್ತು. ಕೆಟ್ಟಿದ್ದದ್ದು ಗೋಡೆಗೂ ಕ್ಯಾಮೆರಾಗೂ ನಡುವಿನ ದಾರಿ.

ಇದ್ದ ವ್ಯವಸ್ಥೆ ಹೀಗಿತ್ತು. ಕಂಟ್ರೋಲ್ ರೂಮಿನಲ್ಲಿ ನಾಲ್ಕು ಎಚ್‌ಡಿಎಂಐ ಸೇರಿಸಿ ಒಂದನ್ನು ಆರಿಸುವ ಸಣ್ಣ ಸ್ವಿಚ್. ಅದರಿಂದ ಒಂದು ಸ್ಪ್ಲಿಟರ್, ಅಂದರೆ ಒಂದು ಸಿಗ್ನಲ್ಲನ್ನು ಹಲವು ಬಾಯಿಗಳಿಗೆ ಹಂಚುವ ಪೆಟ್ಟಿಗೆ. ಆ ಸ್ಪ್ಲಿಟರ್‌ನ ಒಂದು ಬಾಯಿಯಿಂದ ಇನ್ನೊಂದು ಸ್ಪ್ಲಿಟರ್, ಅದರಿಂದ ಊಟದ ಹಾಲ್‌ಗೆ ಕ್ಯಾಟ್-6 (ಇಂಟರ್ನೆಟ್‌ಗೆ ಬಳಸುವ ತಂತಿ) ಮೂಲಕ ಎಕ್ಸ್‌ಟೆಂಡರ್ (ಸಿಗ್ನಲ್ಲನ್ನು ದೂರ ಒಯ್ಯುವ ಪೆಟ್ಟಿಗೆ), ಅಲ್ಲಿ ಮತ್ತೊಂದು ಸ್ಪ್ಲಿಟರ್. ಭದ್ರಾ ನಾಲೆಯ ಕೊನೆಭಾಗದ ರೈತರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ: ಮೇಲಿನವರು ತೂಬು ಎತ್ತಿದರೆ ಕೆಳಗಿನವರ ಗದ್ದೆ ಒಣಗುತ್ತದೆ. ಇಲ್ಲಿ ಅದರ ಉಲ್ಟಾ ಕೂಡ ಆಗುತ್ತಿತ್ತು. ಕೆಳಗಿನವರು ಏನಾದರೂ ಮಾಡಿದರೆ ಮೇಲಿನ ಗೋಡೆಯೇ ಆರುತ್ತಿತ್ತು.

ಕಾರ್ಯಕ್ರಮವಿಲ್ಲದ ದಿನ ಮ್ಯಾನೇಜರ್‌ರನ್ನು ಗೋಡೆಯ ಮುಂದೆ ನಿಲ್ಲಿಸಿ, ಲ್ಯಾಪ್‌ಟಾಪ್ ಚಿತ್ರ ಹಾಕಿ, ನಾನು ಫೋನಿನಲ್ಲಿ ಮಾತಾಡುತ್ತಲೇ ಕೆಳಗಿಳಿದು ಊಟದ ಹಾಲ್‌ನ ಟಿವಿಗಳನ್ನು ಒಂದೊಂದಾಗಿ ಆನ್ ಮಾಡಿದೆ. ಮೊದಲನೆಯದಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೂ ಇಲ್ಲ. ಕೈ ತೊಳೆಯುವ ಜಾಗದ ಪಕ್ಕದ ಹಳೆಯ ಟಿವಿ ಆನ್ ಆದ ಕೂಡಲೇ "ಹೋತು ಸರ್, ಹೋತು!" ಅಂದರು. ಮೇಲೆ ಬಂದು ಲ್ಯಾಪ್‌ಟಾಪ್‌ನ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದು ತೋರಿಸಿದೆ. 1920×1080 ಇದ್ದದ್ದು 1280×720 ಆಗಿತ್ತು. ಮದುವೆಯ ದಿನವೂ ಇದೇ ನಡೆದಿರಬೇಕು. ಪಂಕ್ತಿಗೆ ಎಲೆ ಹಾಕುತ್ತಿದ್ದ ಹುಡುಗರು, ಊಟಕ್ಕೆ ಕೂತವರೂ ಮುಹೂರ್ತ ನೋಡಲಿ ಎಂದು ಟಿವಿ ಹಾಕಿದ್ದಾರೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಅದು.

ಯಾಕೆ ಹೀಗೆ? ಎಚ್‌ಡಿಎಂಐ ತಂತಿಯಲ್ಲಿ ಚಿತ್ರ ಒಂದೇ ದಿಕ್ಕಿಗೆ ಹೋಗುತ್ತದೆ, ಮಾತುಕತೆ ಮಾತ್ರ ಎರಡೂ ಕಡೆಯಿಂದ ನಡೆಯುತ್ತದೆ. ಪ್ರತಿ ಟಿವಿಯೂ ತನ್ನ ವಿವರವನ್ನು ಇಡಿಐಡಿ ಎಂಬ ಚಿಕ್ಕ ಕಡತದಲ್ಲಿ ಇಟ್ಟುಕೊಂಡಿರುತ್ತದೆ. 128 ಬೈಟ್‌ನ ತುಂಡುಗಳು, ಸಾಮಾನ್ಯವಾಗಿ ಅಂಥವು ಎರಡು, ಅಷ್ಟೇ. 'ನನಗೆ ಇಷ್ಟು ರೆಸಲ್ಯೂಶನ್ ಆಗುತ್ತದೆ, ಇಂಥ ಆಡಿಯೊ ಆಗುತ್ತದೆ' ಎಂಬುದು ಅದರಲ್ಲಿ ಬರೆದಿರುತ್ತದೆ. ಲ್ಯಾಪ್‌ಟಾಪ್ ಆಗಲಿ ಕ್ಯಾಮೆರಾ ಮಿಕ್ಸರ್ ಆಗಲಿ ಅದನ್ನು ಓದಿ ಅದಕ್ಕೆ ತಕ್ಕ ಚಿತ್ರ ಕಳಿಸುತ್ತದೆ. ಒಂದು ತಂತಿ, ಒಂದು ಟಿವಿ ಇದ್ದಾಗ ಇದು ಸೊಗಸಾದ ಏರ್ಪಾಟು. ಎಂಟು ಪರದೆಗಳ ನಡುವೆ ಸಾದಾ ಸ್ಪ್ಲಿಟರ್ ಇಟ್ಟರೆ ಅದು ಯಾರ ಮಾತು ಕೇಳಬೇಕು? ಕೆಲವು ಸ್ಪ್ಲಿಟರ್‌ಗಳು ಮೊದಲ ಬಾಯಿಗೆ ಸಿಕ್ಕಿಸಿದ ಟಿವಿಯ ಮಾತನ್ನಷ್ಟೇ ಕೇಳುತ್ತವೆ. ಕೆಲವು ಎಲ್ಲರಿಗೂ ಹೊಂದುವ ಕನಿಷ್ಠಕ್ಕೆ ಇಳಿಯುತ್ತವೆ. ಹೊಸ ಟಿವಿ ಎದ್ದಾಗಲೆಲ್ಲ ಟಿವಿ ಸಿಕ್ಕಿದೆ ಎಂದು ತಿಳಿಸುವ ಹಾಟ್‌ಪ್ಲಗ್ ಪಿನ್‌ನ ವೋಲ್ಟೇಜ್ ಒಮ್ಮೆ ಬಿದ್ದು ಏಳುತ್ತದೆ, ಮಾತುಕತೆ ಮೊದಲಿನಿಂದ ಶುರುವಾಗುತ್ತದೆ, ಆ ಹೊತ್ತಿನಲ್ಲಿ ಚಿತ್ರ ಇರುವುದಿಲ್ಲ. ಲಕ್ಷಗಟ್ಟಲೆ ಸುರಿದು ಹಾಕಿಸಿದ ಗೋಡೆಯ ಗುಣಮಟ್ಟವನ್ನು ಕೈ ತೊಳೆಯುವ ಜಾಗದ ಹಳೆ ಟಿವಿ ನಿರ್ಧರಿಸುತ್ತಿತ್ತು. ಈ ಸ್ಥಿತಿಯಲ್ಲಿ 4ಕೆ ಕಂಟ್ರೋಲರ್ ಹಾಕಿದ್ದರೂ 720ಪಿ ಚಿತ್ರವೇ ಬರುತ್ತಿತ್ತು.

ವೃತ್ತಿಪರ ಮ್ಯಾಟ್ರಿಕ್ಸ್ ಸ್ವಿಚರ್ ಬೇಕಾಗುವುದು ಇಲ್ಲಿ. ಯಾವ ಇನ್‌ಪುಟ್ಟನ್ನಾದರೂ ಯಾವ ಔಟ್‌ಪುಟ್ಟಿಗಾದರೂ ಕಳಿಸಬಹುದು ಎಂಬುದನ್ನು ಎಲ್ಲರೂ ಹೇಳುತ್ತಾರೆ. 8×8 ಮ್ಯಾಟ್ರಿಕ್ಸ್ ಎಂದರೆ 64 ಕೂಡುವ ಬಿಂದುಗಳು, ಅದು ಸರಿಯೇ. ನನ್ನ ಮಟ್ಟಿಗೆ ಅದರ ದೊಡ್ಡ ಉಪಕಾರ ಬೇರೆ: ಅದು ಪ್ರತಿ ಇನ್‌ಪುಟ್ಟಿಗೂ ಇಡಿಐಡಿಯನ್ನು ತಾನೇ ತೋರಿಸುತ್ತದೆ. ನಾವು ಬರೆದುಕೊಟ್ಟ ಇಡಿಐಡಿ. ಆಮೇಲೆ ಕೆಳಗೆ ಯಾವ ಟಿವಿ ಎದ್ದರೂ ಮಲಗಿದರೂ ಕ್ಯಾಮೆರಾಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ.

ಹಾಗಾಗಿ ಪೆಟ್ಟಿಗೆ ಆರಿಸುವ ಮೊದಲು ಕೂತು ತೀರ್ಮಾನಿಸಿದ್ದು ಒಂದೇ ವಿಷಯ: ಇಡೀ ಕಟ್ಟಡಕ್ಕೆ ಒಂದೇ ರೂಪದ ಸಿಗ್ನಲ್. 1080ಪಿ, ಸೆಕೆಂಡಿಗೆ 50 ಫ್ರೇಮ್, ಎರಡು ಚಾನೆಲ್‌ನ ಪಿಸಿಎಂ (ಒತ್ತಿ ಚಿಕ್ಕದು ಮಾಡದ) ಆಡಿಯೊ, 48 ಕಿಲೋಹರ್ಟ್ಸ್. ಪ್ರತಿಯೊಂದಕ್ಕೂ ಕಾರಣವಿದೆ. ಗೋಡೆಯಲ್ಲಿರುವ ಪಿಕ್ಸೆಲ್‌ಗಳೇ 1080ಪಿಗಿಂತ ಕಡಿಮೆ, 4ಕೆ ಕಳಿಸಿದರೆ ಕಣ್ಣಿಗೆ ಸಿಗುವ ಲಾಭ ಸೊನ್ನೆ. ಆದರೆ ತಂತಿಯ ಮೇಲಿನ ಭಾರ ನಾಲ್ಕು ಪಟ್ಟು: 1080ಪಿಗೆ ಎಚ್‌ಡಿಎಂಐನಲ್ಲಿ ಸೆಕೆಂಡಿಗೆ ಸುಮಾರು 4.46 ಗಿಗಾಬಿಟ್ ಹರಿದರೆ, 60 ಫ್ರೇಮ್‌ನ 4ಕೆಗೆ 17.82. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್, ಮದುವೆ ಕ್ಯಾಮೆರಾದವರು ಬಹುಪಾಲು 25 ಅಥವಾ 50 ಫ್ರೇಮ್‌ನಲ್ಲೇ ಹಿಡಿಯುತ್ತಾರೆ, ಇಲ್ಲದಿದ್ದರೆ ಹಾಲ್‌ನ ದೀಪಗಳು ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಮಿನುಗುತ್ತವೆ. 60ಕ್ಕೆ ಬದಲಾಯಿಸಿದರೆ ವಧೂವರರು ನಡೆದು ಬರುವಾಗ ಚಲನೆ ತಡವರಿಸುತ್ತದೆ. ಲ್ಯಾಪ್‌ಟಾಪ್‌ನ ಸ್ಲೈಡುಗಳಿಗೆ 50 ಆದರೇನು, 60 ಆದರೇನು. ಆಡಿಯೊ ವಿಚಾರದಲ್ಲಿ, ಯಾವುದೋ ಟಿವಿ 'ನನಗೆ ಡಾಲ್ಬಿ ಬರುತ್ತದೆ' ಎಂದು ಹೇಳಿಕೊಂಡರೆ ಸೆಟ್‌ಟಾಪ್ ಬಾಕ್ಸ್ ಡಾಲ್ಬಿಯನ್ನೇ ಕಳಿಸುತ್ತದೆ, ಅದು ಅರ್ಥವಾಗದ ಎನ್‌ಕೋಡರ್‌ನಲ್ಲಿ ಮೌನ. ಇಡಿಐಡಿಯಲ್ಲಿ ಸ್ಟಿರಿಯೊ ಮಾತ್ರ ಬರೆದರೆ ಆ ತಕರಾರೇ ಹುಟ್ಟುವುದಿಲ್ಲ.

ಆರಿಸಿದ್ದು ಎಂಟು ಇನ್‌ಪುಟ್, ಎಂಟು ಔಟ್‌ಪುಟ್‌ನ ಸೀಮ್‌ಲೆಸ್ ಮ್ಯಾಟ್ರಿಕ್ಸ್. ಸಾಧಾರಣ ಮ್ಯಾಟ್ರಿಕ್ಸ್‌ನಲ್ಲಿ ಕ್ಯಾಮೆರಾದಿಂದ ಲ್ಯಾಪ್‌ಟಾಪ್‌ಗೆ ಬದಲಾಯಿಸಿದಾಗ ಪರದೆ ಕೆಲವು ಸೆಕೆಂಡು ಕಪ್ಪಾಗುತ್ತದೆ, ಮಾತುಕತೆ ಮತ್ತೆ ನಡೆಯಬೇಕಲ್ಲ. ಸೀಮ್‌ಲೆಸ್‌ನಲ್ಲಿ ಪ್ರತಿ ಔಟ್‌ಪುಟ್ಟಿಗೂ ತನ್ನದೇ ಸ್ಕೇಲರ್ (ಚಿತ್ರದ ಅಳತೆ ಬದಲಿಸುವ ಭಾಗ) ಇರುವುದರಿಂದ ಪರದೆಯ ಜೊತೆಗಿನ ಕೊಂಡಿ ಕಡಿಯುವುದಿಲ್ಲ. ಹಳೆಯ ಟಿವಿಗೆ ಬೇಕಾದ 720ಪಿಯನ್ನು ಆ ಒಂದು ಔಟ್‌ಪುಟ್‌ನಲ್ಲಿ ಮಾತ್ರ ಇಳಿಸಿಕೊಟ್ಟೆವು. ಅದನ್ನು ಎಸೆಯಬೇಕಾಗಲಿಲ್ಲ, ಇವತ್ತಿಗೂ ಅದೇ ಜಾಗದಲ್ಲಿದೆ. ಚಿತ್ರವನ್ನು ನೆಟ್‌ವರ್ಕ್ ಮೂಲಕ ಹಂಚುವ ವ್ಯವಸ್ಥೆಯನ್ನೂ ಯೋಚಿಸಿದೆ. ಅದಕ್ಕೆ ಮಲ್ಟಿಕಾಸ್ಟ್ (ಒಂದೇ ಚಿತ್ರವನ್ನು ಹಲವು ಕಡೆಗೆ ಒಟ್ಟಿಗೆ ಕಳಿಸುವುದು) ಸರಿಯಾಗಿ ಸೆಟ್ ಮಾಡಿದ ನೆಟ್‌ವರ್ಕ್ ಸ್ವಿಚ್ ಬೇಕು, ಕೆಟ್ಟರೆ ನೋಡಿಕೊಳ್ಳುವವರು ಬೇಕು. ಮಂಟಪದಲ್ಲಿ ಇರುವುದು ಲೈಟಿಂಗ್ ನೋಡಿಕೊಳ್ಳುವ ಒಬ್ಬ ಹುಡುಗ. ಬೇಡವೆಂದು ಬಿಟ್ಟೆ.

ತಂತಿಯ ವಿಚಾರ

ಡಿಜಿಟಲ್ ಸಿಗ್ನಲ್ ಬಂದರೆ ಪೂರ್ತಿ ಬರುತ್ತದೆ, ಇಲ್ಲವಾದರೆ ಇಲ್ಲ ಎಂಬ ಮಾತು ನಮ್ಮ ಕಡೆ ಬಹಳ ಓಡಾಡುತ್ತದೆ. ನಡುವೆ ಒಂದು ಅಂಚು ಇದೆ. ಆ ಅಂಚಿನಲ್ಲಿ ಪರದೆಯ ಮೇಲೆ ಬಿಳಿ ಚುಕ್ಕಿಗಳು ಮಿಂಚುತ್ತವೆ, ಆಗಾಗ ಚಿತ್ರ ಕಣ್ಣು ಮಿಟುಕಿಸುತ್ತದೆ. ಊಟದ ಹಾಲ್‌ನ ಟಿವಿಗಳಲ್ಲಿ ಇದ್ದದ್ದು ಅದೇ. ಎಕ್ಸ್‌ಟೆಂಡರ್‌ಗೆ ಹೋಗುವ ಕ್ಯಾಟ್-6 ತಂತಿಯ ತುದಿ ಬಿಡಿಸಿ ಒಳಗಿನ ಎಳೆಯನ್ನು ಚಾಕುವಿನಿಂದ ಕೆರೆದೆ. ಮೇಲೆ ತಾಮ್ರದ ಕೆಂಪು, ಕೆರೆದ ಜಾಗದಲ್ಲಿ ಬೆಳ್ಳಿ ಬಣ್ಣ. ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ ತಂತಿ! ಕಡಿಮೆ ದರಕ್ಕೆ ಸಿಗುತ್ತದೆ, ಸಿಸಿಟಿವಿಯವರು ಎಳೆದು ಹೋಗುತ್ತಾರೆ, ಮೇಲಿನ ಪ್ಲಾಸ್ಟಿಕ್ ನೋಡಿದರೆ ಯಾರಿಗೂ ತಿಳಿಯುವುದಿಲ್ಲ. ಪ್ರತಿರೋಧ ಹೆಚ್ಚು, ಬಾಗಿಸಿದರೆ ಎಳೆ ತುಂಡಾಗುತ್ತದೆ. ತಂತಿ ಕೊಳ್ಳುವಾಗ ಅಂಗಡಿಯಲ್ಲೇ ಒಂದು ಎಳೆ ಕೆರೆದು ನೋಡಿ ಎಂದು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಹೊಸದಾಗಿ ಎಳೆದದ್ದು ಅಪ್ಪಟ ತಾಮ್ರದ, ಕವಚವಿರುವ ಕ್ಯಾಟ್-6. ಮ್ಯಾಟ್ರಿಕ್ಸ್‌ನ ದೂರದ ಔಟ್‌ಪುಟ್‌ಗಳು ಎಚ್‌ಡಿಬೇಸ್‌ಟಿ ಮಾದರಿಯವು. 2010ರಲ್ಲಿ ಎಲ್‌ಜಿ, ಸ್ಯಾಮ್‌ಸಂಗ್, ಸೋನಿ ಪಿಕ್ಚರ್ಸ್, ವೇಲೆನ್ಸ್ ಸೇರಿ ಕಟ್ಟಿದ ಒಕ್ಕೂಟ ಬೆಳೆಸಿದ ತಂತ್ರಜ್ಞಾನ ಇದು. ಒಂದೇ ಕ್ಯಾಟ್ ತಂತಿಯಲ್ಲಿ 1080ಪಿ ಚಿತ್ರವನ್ನು 100 ಮೀಟರ್‌ವರೆಗೆ ಒಯ್ಯುತ್ತದೆ, ಕಂಟ್ರೋಲ್ ಸಿಗ್ನಲ್ಲನ್ನೂ ಜೊತೆಗೆ ಕಳಿಸಬಹುದು. ತಂತಿ ಕ್ಯಾಟ್-6 ಆದ ಮಾತ್ರಕ್ಕೆ ಅದನ್ನು ಇಂಟರ್ನೆಟ್ ಸ್ವಿಚ್ಚಿಗೆ ಚುಚ್ಚಬಾರದು, ಇದು ಬೇರೆಯೇ ಸಿಗ್ನಲ್. ನಡುವೆ ಜಾಯಿಂಟ್ ಇರಬಾರದು, ಲೈಟಿನ ಪವರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಎಳೆಯಬಾರದು. ಸಾದಾ ತಾಮ್ರದ ಎಚ್‌ಡಿಎಂಐ ಕೇಬಲ್ಲನ್ನು 1080ಪಿಗೆ ಹತ್ತು ಹದಿನೈದು ಮೀಟರ್ ಮೀರಿ ನಂಬುವುದು ಒಳ್ಳೆಯದಲ್ಲ. ತುದಿಗೆ ಚಿನ್ನದ ಲೇಪ ಇದ್ದರೂ ಅಷ್ಟೇ.

ವೇದಿಕೆಯಿಂದ ಬರುವ ಕ್ಯಾಮೆರಾ ಸಿಗ್ನಲ್‌ಗೆ ಎಚ್‌ಡಿಎಂಐ ಬಿಟ್ಟು ಎಸ್‌ಡಿಐ (ಟಿವಿ ಸ್ಟುಡಿಯೊಗಳಲ್ಲಿ ಬಳಸುವ ವಿಡಿಯೊ ಸಂಪರ್ಕ) ಹಾಕಿದೆವು. ಕಾರಣ ವೇದಿಕೆಯ ನೆಲದ ಪೆಟ್ಟಿಗೆಯಲ್ಲೇ ಕಂಡಿತು. ಮುಚ್ಚಳ ತೆಗೆದರೆ ಎಚ್‌ಡಿಎಂಐ ಸಾಕೆಟ್‌ನ ಒಳಗೆ ಅರಿಶಿನದ ಅಕ್ಷತೆ ಕಾಳುಗಳು ಗಟ್ಟಿಯಾಗಿ ಕೂತಿದ್ದವು. ಅವುಗಳ ಮೇಲೆಯೇ ಯಾರೋ ಕೇಬಲ್ ಒತ್ತಿ ಪಿನ್ ಬಾಗಿಸಿದ್ದರು. ಮದುವೆ ಮನೆಯ ವೇದಿಕೆಯ ಮೇಲೆ ಅಕ್ಷತೆ ಬೀಳದೆ ಇನ್ನೆಲ್ಲಿ ಬೀಳಬೇಕು? ನೆಲದಲ್ಲಿ ಸಾಕೆಟ್ ಇಟ್ಟದ್ದೇ ಸರಿಯಲ್ಲ. ಅದನ್ನು ಪಕ್ಕದ ಗೋಡೆಗೆ, ಸೊಂಟದ ಎತ್ತರಕ್ಕೆ ತಂದೆವು. ಎಸ್‌ಡಿಐನ ಬಿಎನ್‌ಸಿ ಕನೆಕ್ಟರ್ ತಿರುಗಿಸಿದರೆ ಬಿಗಿಯಾಗಿ ಕೂರುತ್ತದೆ, ಯಾರಾದರೂ ಎಡವಿದರೂ ಕಳಚುವುದಿಲ್ಲ. ಅದರಲ್ಲಿ ಇಡಿಐಡಿಯ ಮಾತುಕತೆಯೂ ಇಲ್ಲ, ಕ್ಯಾಮೆರಾ ಕಳಿಸಿದ್ದು ಕಳಿಸಿದಂತೆ ಬರುತ್ತದೆ. 1080ಪಿ50ಕ್ಕೆ ಬೇಕಾದದ್ದು ಸೆಕೆಂಡಿಗೆ 2.97 ಗಿಗಾಬಿಟ್‌ನ 3ಜಿ-ಎಸ್‌ಡಿಐ, 75 ಓಮ್‌ನ ಒಳ್ಳೆಯ ಕೋಆಕ್ಸಿಯಲ್ ಕೇಬಲ್. ಮ್ಯಾಟ್ರಿಕ್ಸ್‌ನ ಬಾಯಲ್ಲಿ ಒಂದು ಕನ್ವರ್ಟರ್.

ಲೈವ್ ಕಪ್ಪಾಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ವೈದ್ಯರ ಸಮ್ಮೇಳನದಲ್ಲಿ ಆಪಲ್ ಲ್ಯಾಪ್‌ಟಾಪ್ ತಂದವರ ಸ್ಲೈಡುಗಳು ಗೋಡೆಯ ಮೇಲೆ ಬರುತ್ತಿದ್ದವು, ಲೈವ್‌ನಲ್ಲಿ ಇರುತ್ತಿರಲಿಲ್ಲ. ಇದು ಎಚ್‌ಡಿಸಿಪಿ ಎಂಬ ನಕಲು ತಡೆಯ ಕೆಲಸ. ಎದುರಿನ ಸಾಧನ ಎಚ್‌ಡಿಸಿಪಿಗೆ ಒಪ್ಪಿದರೆ ಆ ಲ್ಯಾಪ್‌ಟಾಪ್‌ಗಳು ಸ್ವಂತ ಸ್ಲೈಡನ್ನೂ ಗೂಢಲಿಪಿ ಮಾಡಿಯೇ ಕಳಿಸುತ್ತವೆ. ಎನ್‌ಕೋಡರ್ ಅದನ್ನು ತೆರೆಯಲಾರದು. ಮ್ಯಾಟ್ರಿಕ್ಸ್‌ನ ಆ ಇನ್‌ಪುಟ್‌ನಲ್ಲಿ ಎಚ್‌ಡಿಸಿಪಿ ಬೆಂಬಲ ಆಫ್ ಮಾಡಿದರೆ ಲ್ಯಾಪ್‌ಟಾಪ್ ಸಾದಾ ಸಿಗ್ನಲ್ ಕೊಡುತ್ತದೆ. ಸೆಟ್‌ಟಾಪ್ ಬಾಕ್ಸ್‌ನ ಇನ್‌ಪುಟ್‌ನಲ್ಲಿ ಅದನ್ನು ಹಾಗೆಯೇ ಬಿಟ್ಟಿದ್ದೇವೆ. ಟಿವಿ ಚಾನೆಲ್‌ನ ಕ್ರಿಕೆಟ್ ಪಂದ್ಯ ಮಂಟಪದ ಲೈವ್‌ನಲ್ಲಿ ಹೋಗಬಾರದು, ಹೋಗುವುದೂ ಇಲ್ಲ.

ಧ್ವನಿ

ಜನ ಚಿತ್ರದ ದೋಷವನ್ನು ಕ್ಷಮಿಸುತ್ತಾರೆ, ಧ್ವನಿಯ ದೋಷವನ್ನು ಕ್ಷಮಿಸುವುದಿಲ್ಲ. ಇಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿದ ಕೂಡಲೇ ಸ್ಪೀಕರ್‌ನಲ್ಲಿ ಗುಂಯ್ ಎಂಬ ಸದ್ದು. ಅದು 50 ಹರ್ಟ್ಸ್ ಹಮ್. ವೇದಿಕೆಯ ಸೌಂಡ್ ಒಂದು ಫೇಸ್‌ನಲ್ಲಿ, ಎಲ್‌ಇಡಿ ಗೋಡೆ ಇನ್ನೊಂದರಲ್ಲಿ, ಎರಡರ ಅರ್ಥಿಂಗ್ ಬೇರೆ ಬೇರೆ ಗುಂಡಿಗೆ. ಎಚ್‌ಡಿಎಂಐ ಕವಚ ಮತ್ತು ಆಡಿಯೊ ಕೇಬಲ್‌ನ ಕವಚ ಸೇರಿ ಎರಡು ಅರ್ಥ್‌ಗಳ ನಡುವೆ ಒಂದು ಸುತ್ತು ಏರ್ಪಟ್ಟು ಅದರಲ್ಲಿ ಕರೆಂಟ್ ಹರಿಯುತ್ತಿತ್ತು.

ಹಿಂದೆ ಕೆಲಸ ಮಾಡಿದವರು ಸೌಂಡ್ ಮಿಕ್ಸರ್‌ನ ಪ್ಲಗ್‌ನಿಂದ ಅರ್ಥ್ ಪಿನ್ನನ್ನೇ ಕತ್ತರಿಸಿದ್ದರು. ಹಮ್ ಕಡಿಮೆಯಾಗಿತ್ತು, ನಿಜ. ಆದರೆ ಆ ಮಿಕ್ಸರ್‌ಗೆ ಸೇರಿದ ಮೈಕನ್ನು ಒದ್ದೆ ಕೈಯಲ್ಲಿ ಹಿಡಿದು ಮಂತ್ರ ಹೇಳುವವರು ಪುರೋಹಿತರು, ಸ್ವಾಮೀಜಿಗಳು. ಎಲ್ಲೋ ಇನ್ಸುಲೇಶನ್ ಸುಟ್ಟರೆ ಲೋಹದ ಮೈಕೇ ಜೀವ ತೆಗೆಯಬಹುದು. ಶಾಮಿಯಾನ, ಸೌಂಡ್ ಕೆಲಸ ಮಾಡುವ ನಮ್ಮೂರಿನ ಅಣ್ಣತಮ್ಮಂದಿರೆಲ್ಲರಿಗೂ ಕೈ ಮುಗಿದು ಕೇಳುವುದು ಇಷ್ಟೆ: ಹಮ್ ಬಂತೆಂದು ಅರ್ಥ್ ಪಿನ್ ಕತ್ತರಿಸಬೇಡಿ. ಅದಕ್ಕೆ ತಂತಿಗಳನ್ನು ನೇರ ಕೂಡಿಸದೆ ಸಿಗ್ನಲ್ ದಾಟಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇದೆ, ಹೊರಗಿನಿಂದ ಸೇರುವ ಸದ್ದನ್ನು ಕಳೆಯುವ ಬ್ಯಾಲೆನ್ಸ್‌ಡ್ ಲೈನ್ ಇದೆ.

ಮಾಡಿದ್ದೂ ಅದನ್ನೇ. ಮಿಕ್ಸರ್, ಮ್ಯಾಟ್ರಿಕ್ಸ್, ಎನ್‌ಕೋಡರ್ ಮೂರನ್ನೂ ಒಂದೇ ಫೇಸ್‌ಗೆ, ಒಂದೇ ಆನ್‌ಲೈನ್ ಯುಪಿಎಸ್‌ಗೆ ತಂದೆವು. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಿದ್ದ ಅರ್ಥಿಂಗ್ ಗುಂಡಿಗಳನ್ನು ಎಲೆಕ್ಟ್ರಿಷಿಯನ್ ಹೊಸದಾಗಿ ಕಟ್ಟಿ, ಎರಡನ್ನೂ ಒಂದಕ್ಕೊಂದು ಜೋಡಿಸಿದರು. ಮ್ಯಾಟ್ರಿಕ್ಸ್‌ನಿಂದ ಮಿಕ್ಸರ್‌ಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಬ್ಯಾಲೆನ್ಸ್‌ಡ್ ಲೈನ್. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿನಿಂದ ನೇರ ಬರುವ ತಂತಿಗೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್, ಅಂದರೆ ಸಾದಾ ಲೈನನ್ನು ಬ್ಯಾಲೆನ್ಸ್‌ಡ್ ಮಾಡುವ ಪೆಟ್ಟಿಗೆ. ಸದ್ದು ನಿಂತಿತು. ಯುಪಿಎಸ್‌ನಿಂದ ಇನ್ನೊಂದು ಲಾಭ: ಕರೆಂಟ್ ಹೋಗಿ ಜನರೇಟರ್ ಏಳುವ ನಡುವೆ ಮ್ಯಾಟ್ರಿಕ್ಸ್ ಆರುವುದಿಲ್ಲ.

ಆಡಿಯೊಗೆ ಬೇರೆಯೇ ಮ್ಯಾಟ್ರಿಕ್ಸ್ ಯಾಕೆ ಎಂದು ಯಜಮಾನರು ಕೇಳಿದರು. ವಿಡಿಯೊದಲ್ಲಿ ಒಂದು ಪರದೆಗೆ ಒಂದೇ ಚಿತ್ರ, ಕೂಡುವ ಬಿಂದು ಹೌದು ಅಥವಾ ಅಲ್ಲ. ಧ್ವನಿಯಲ್ಲಿ ಹಾಗಲ್ಲ, ಪ್ರತಿ ಬಿಂದುವಿಗೂ ಎಷ್ಟು ಎಂಬ ಅಳತೆ ಇದೆ. ಸಭಾಂಗಣಕ್ಕೆ ಪುರೋಹಿತರ ಮೈಕ್ ಜೋರಾಗಿ, ವಾಲಗದ ಮೈಕ್ ಬೇಡವೇ ಬೇಡ, ಅದು ಹಾಗೇ ಕೇಳುತ್ತದೆ. ಲೈವ್ ನೋಡುವವರಿಗೆ ಎರಡೂ ಹದವಾಗಿ ಬೇಕು. ಊಟದ ಹಾಲ್‌ಗೆ ಮಂತ್ರ ಮೆಲ್ಲಗೆ, ಪ್ರಕಟಣೆ ಜೋರಾಗಿ. ಹಾಗಾಗಿ ಚಿತ್ರದ ಜೊತೆ ಬಂದ ಧ್ವನಿಯನ್ನು ಮ್ಯಾಟ್ರಿಕ್ಸ್‌ನಲ್ಲೇ ಬೇರ್ಪಡಿಸಿ ಸಣ್ಣದೊಂದು ಡಿಎಸ್‌ಪಿಗೆ, ಅಂದರೆ ಧ್ವನಿಯನ್ನು ಹದಮಾಡುವ ಡಿಜಿಟಲ್ ಪೆಟ್ಟಿಗೆಗೆ, ಕೊಟ್ಟೆವು. ಎಲ್ಲ ಕಡೆಗೂ ಹಂಚುವ ಕೆಲಸ ಅದರದು.

ತುಟಿಗೂ ಮಾತಿಗೂ ಹೊಂದಾಣಿಕೆ ತರುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಸೀಮ್‌ಲೆಸ್ ಮ್ಯಾಟ್ರಿಕ್ಸ್‌ನ ಸ್ಕೇಲರ್, ವಿಡಿಯೊದವರ ಮಿಕ್ಸರ್, ಎಲ್‌ಇಡಿ ಕಂಟ್ರೋಲರ್, ಪ್ರತಿಯೊಂದೂ ಫ್ರೇಮ್‌ಗಳನ್ನು ತಡಮಾಡುತ್ತದೆ. 50 ಫ್ರೇಮ್‌ನಲ್ಲಿ ಒಂದು ಫ್ರೇಮ್ ಎಂದರೆ 20 ಮಿಲಿಸೆಕೆಂಡ್. ವೇದಿಕೆಯ ಮೇಲೆ ಚಪ್ಪಾಳೆ ತಟ್ಟಿಸಿ, ಚಪ್ಪಾಳೆಯೂ ಗೋಡೆಯೂ ಒಟ್ಟಿಗೆ ಕಾಣುವಂತೆ ಮೊಬೈಲ್‌ನಲ್ಲಿ ನಿಧಾನಗತಿಯ ವಿಡಿಯೊ ಹಿಡಿದು ಎಣಿಸಿದೆ: ಸುಮಾರು ಆರು ಫ್ರೇಮ್, ಅಂದರೆ 120 ಮಿಲಿಸೆಕೆಂಡ್. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.1359 ಶಿಫಾರಸಿನ ಪ್ರಕಾರ ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೆ ಹೋದರೇ ಜನರಿಗೆ ಗೊತ್ತಾಗುತ್ತದೆ, 90 ದಾಟಿದರೆ ಒಪ್ಪಿಗೆಯಾಗುವುದಿಲ್ಲ. ಹಿಂದೆ ಬಿದ್ದರೆ ಮಾತ್ರ 125ರವರೆಗೆ ತಿಳಿಯುವುದಿಲ್ಲ. ಮಿಂಚು ಮೊದಲು, ಗುಡುಗು ಆಮೇಲೆ ಎಂಬುದಕ್ಕೆ ನಮ್ಮ ಕಿವಿ ಒಗ್ಗಿದೆ.

ಲೈವ್‌ಗೆ ಮತ್ತು ಊಟದ ಹಾಲ್‌ಗೆ ಉಪಾಯ ಸುಲಭ, ಡಿಎಸ್‌ಪಿಯಲ್ಲಿ ಧ್ವನಿಯನ್ನು ಅಷ್ಟೇ ತಡಮಾಡಿದರೆ ಆಯಿತು. ಸಭಾಂಗಣದಲ್ಲಿ ಹಾಗೆ ಮಾಡಲಾಗದು. ಮುಂದಿನ ಸಾಲಿನವರಿಗೆ ಪುರೋಹಿತರ ದನಿ ನೇರವಾಗಿಯೂ ಕೇಳುತ್ತದೆ, ಸ್ಪೀಕರ್ ತಡವಾದರೆ ಎರಡೆರಡು ಸಲ ಕೇಳಿದಂತಾಗುತ್ತದೆ. ಅದಕ್ಕೇ ಚಿತ್ರದ ತಡವನ್ನೇ ಇಳಿಸಿದೆವು: ಮುಹೂರ್ತದ ಹೊತ್ತಿಗೆ ಗೋಡೆಗೆ ವಿಡಿಯೊದವರ ಮಿಕ್ಸರ್ ಬಿಟ್ಟು ಮಂಟಪದ ಕ್ಯಾಮೆರಾದ ನೇರ ಚಿತ್ರ, ಕಂಟ್ರೋಲರ್‌ನಲ್ಲಿ ಕಡಿಮೆ ತಡದ ಸೆಟ್ಟಿಂಗ್. ನಾಲ್ಕು ಫ್ರೇಮ್‌ಗೆ, ಅಂದರೆ 80 ಮಿಲಿಸೆಕೆಂಡ್‌ಗೆ ಬಂತು. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುವುದರಿಂದ 25 ಮೀಟರ್ ಹಿಂದೆ ಕೂತವರಿಗೆ ತಾನಾಗಿಯೇ 73 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ, ಅವರಿಗೆ ಎರಡೂ ಹೆಚ್ಚುಕಡಿಮೆ ಕೂಡಿಬಿಡುತ್ತವೆ. ಮುಂದೆ ಕೂತವರು ಗೋಡೆ ನೋಡುವುದು ಕಡಿಮೆ, ಮದುಮಕ್ಕಳೇ ಕಣ್ಣೆದುರು ಇರುತ್ತಾರಲ್ಲ.

ಕೊನೆಗೆ ಬಟನ್‌ಗಳು. ಮ್ಯಾಟ್ರಿಕ್ಸ್ ಮತ್ತು ಡಿಎಸ್‌ಪಿ ಎರಡನ್ನೂ ಒಂದೇ ಪ್ಯಾನೆಲ್‌ನಿಂದ ನಡೆಸುವಂತೆ ಮಾಡಿ, ಮೇಲೆ ಕನ್ನಡದಲ್ಲೇ ಚೀಟಿ ಅಂಟಿಸಿದೆವು: ಮುಹೂರ್ತ, ಆರತಕ್ಷತೆ, ಸಭೆ, ಊಟ. 'ಮುಹೂರ್ತ' ಒತ್ತಿದರೆ ಉಳಿದ ಬಟನ್‌ಗಳಿಗೆ ಬೀಗ, ಬಿಡಿಸಲು ಪಾಸ್‌ವರ್ಡ್ ಬೇಕು. ಲೈಟಿಂಗ್ ಹುಡುಗ ಒಂದೇ ಮಧ್ಯಾಹ್ನದಲ್ಲಿ ಕಲಿತ. ಮೆಟ್ಟಿಲ ಕೆಳಗಿನ ರ‍್ಯಾಕ್‌ನಲ್ಲಿ ಪೆಟ್ಟಿಗೆಗಳ ನಡುವೆ ಒಂದೊಂದು ಖಾನೆ ಖಾಲಿ ಬಿಟ್ಟು ಫ್ಯಾನ್ ಹಾಕಿಸಿದ್ದೇವೆ. ನಮ್ಮೂರ ಏಪ್ರಿಲ್ ಬಿಸಿಲಿಗೆ ಅದು ಬೇಕೇ ಬೇಕು.

ಮುಂದಿನ ಲಗ್ನದ ಸೀಸನ್‌ನಲ್ಲಿ ಗೋಡೆ ಮುಹೂರ್ತದ ಹೊತ್ತಿಗೆ ಆರಲಿಲ್ಲ. ಖರ್ಚಾದದ್ದು ಹೊಸ ಕಂಟ್ರೋಲರ್ ಜೊತೆ ಗೋಡೆಯನ್ನೂ ಬದಲಿಸಿದ್ದರೆ ಆಗುತ್ತಿದ್ದ ಮೊತ್ತದ ಒಂದು ಪಾಲು. ತೊಂದರೆಗಳು ಪೂರ್ತಿ ತೀರಿಲ್ಲ. ಹೊರಗಿನ ವಿಡಿಯೊದವರು ಕೆಲವೊಮ್ಮೆ 1080ಐ, ಅಂದರೆ ಸಾಲು ಬಿಟ್ಟು ಸಾಲು ಬರುವ ಇಂಟರ್‌ಲೇಸ್ ಚಿತ್ರ ಕೊಡುತ್ತಾರೆ, ಕುಣಿತದ ದೃಶ್ಯದಲ್ಲಿ ಅಂಚುಗಳು ಬಾಚಣಿಗೆ ಹಲ್ಲಿನಂತೆ ಒಡೆಯುತ್ತವೆ. ಬುಕಿಂಗ್ ಹೊತ್ತಿಗೇ ಅವರ ಕೈಗೆ '1080ಪಿ50, ಸ್ಟಿರಿಯೊ' ಎಂದು ಬರೆದ ಚೀಟಿ ಕೊಡಲು ಮ್ಯಾನೇಜರ್ ಶುರುಮಾಡಿದ್ದಾರೆ. ಡಿಜೆಯವರು ಬೇರೆ ಫೇಸ್‌ನ ಸಾಕೆಟ್‌ಗೆ ಸಿಕ್ಕಿಸಿದ ದಿನ ಹಮ್ ಮರಳುತ್ತದೆ, ಅವರಿಗೆಂದೇ ಟ್ರಾನ್ಸ್‌ಫಾರ್ಮರ್ ಇರುವ ಪ್ರತ್ಯೇಕ ಲೈನ್ ಎಳೆಯಬೇಕಿದೆ. ಹಿಂದಿನ ಖಾಲಿ ಜಾಗದಲ್ಲಿ ಹುಲ್ಲುಹಾಸು ಬೆಳೆಸಿ ಅಲ್ಲೂ ಪರದೆ ಹಾಕುವ ಯೋಚನೆ ಯಜಮಾನರಿಗಿದೆ. ಅಲ್ಲಿಗೆ ತಂತಿಯ ದಾರಿ 100 ಮೀಟರ್ ಮೀರುತ್ತದೆ, ಕ್ಯಾಟ್-6 ಸಾಲದು. ಊಟದ ಹಾಲ್‌ನ ಮೂರು ಟಿವಿಗಳಲ್ಲಿ ಎರಡು ಯಾವಾಗಲೂ ಒಂದೇ ಚಿತ್ರ ತೋರಿಸುವುದರಿಂದ ಅವೆರಡನ್ನು ಒಂದೇ ಔಟ್‌ಪುಟ್‌ಗೆ ತಂದು, ಬಿಡುವಾದ ಔಟ್‌ಪುಟ್‌ನಿಂದ ಹೊರಗಡೆಗೆ ಫೈಬರ್ ಎಳೆಯುವುದೆಂದು ನಕ್ಷೆ ಹಾಕಿದ್ದೇವೆ.